ನಾವು ಮೂವರು ಸೇರಿ ಒಂದು ಕಾರು ಕೊಂಡದ್ದು

ಆಳಂದ, ಅಫಜಲಪುರ, ಜೇವರ್ಗಿ. ನಾವು ಮೂವರು ಈ ಮೂರು ತಾಲೂಕಿನವರು. ಮೂರೂ ಕಲಬುರಗಿ ಜಿಲ್ಲೆಯವೇ ಆದರೂ ಆಳಂದದವ ಜೇವರ್ಗಿಗೆ ಹೋಗಬೇಕೆಂದರೆ ಕಲಬುರಗಿಗೆ ಬಂದು ಬಸ್ ಬದಲಿಸಬೇಕು. ಆಳಂದವೂ ಜೇವರ್ಗಿಯೂ ಕಲಬುರಗಿಯಿಂದ ಸುಮಾರು 40 ಕಿ.ಮೀ., ಅಫಜಲಪುರ ಅದಕ್ಕಿಂತ ದೂರ. ಇನ್ನು ತಾಲೂಕು ಕೇಂದ್ರದಿಂದ ಒಳಗಿನ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಸಂಜೆಗೇ ಮುಗಿದಿರುತ್ತದೆ.

ಗ್ರಾಮೀಣ ಪತ್ರಿಕೋದ್ಯಮ ಓದಿ ಹೊರಬಿದ್ದ ಮೇಲೆ ನಾವು ಮೂವರೂ ಮೂರು ಕೆಲಸ ಮಾಡುತ್ತಿದ್ದೇವೆ. ಪತ್ರಿಕೆಗೆ ತಾಲೂಕಿನ ಸುದ್ದಿ, ಯೂಟ್ಯೂಬಿಗೆ ವಿಡಿಯೋ, ಹೊಟ್ಟೆಗೆ ಮದುವೆ ಶೂಟಿಂಗ್. ಮೂರನೆಯದು ಮೊದಲೆರಡನ್ನೂ ಸಾಕುತ್ತದೆ. ಮದುವೆಗೆ ಕ್ಯಾಮೆರಾ, ಲೈಟು, ಟ್ರೈಪಾಡು ಹೊತ್ತು ಹೋಗಲು ಪ್ರತಿಸಲವೂ ಬಾಡಿಗೆ ಗಾಡಿ ಹಿಡಿದರೆ ಕೈಗೆ ಬಂದದ್ದರಲ್ಲಿ ಮೂರರಲ್ಲಿ ಒಂದು ಪಾಲು ಅಲ್ಲಿಗೇ ಹೋಗುತ್ತಿತ್ತು. ಹಾಗಾಗಿ ಕಳೆದ ಮದುವೆ ಸೀಜನ್ ಮುಗಿದಾಗ, ಮೂವರೂ ಸಮಪಾಲು ಹಾಕಿ ಒಂದು ಹಳೆ ಕಾರು ತೆಗೆದುಕೊಳ್ಳೋಣ ಎಂದು ಮಾತಾಯಿತು.

ಜೇವರ್ಗಿಯವಳದು ಮೊದಲ ತಕರಾರು. "ನನಗ ಬಸ್ ಪುಕ್ಕಟ ಅದ. ನಾ ಯಾಕ ರೊಕ್ಕ ಹಾಕ್ಲಿ?" ಎಂದಳು. ಖರೆ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮಲ್ಲಿ ಅವಳೊಬ್ಬಳಿಗೆ ಓಡಾಟದ ಖರ್ಚಿಲ್ಲ. ಆದರೆ ರಾತ್ರಿ ಒಂದು ಗಂಟೆಗೆ ಆರತಕ್ಷತೆ ಮುಗಿದ ಮೇಲೆ ಯಾವ ನಿಗಮದ ಬಸ್ಸೂ ಬರುವುದಿಲ್ಲ. ಯಾರದೋ ಬೈಕಿನ ಹಿಂದೆ ಕೂತು, ಮಡಿಲಲ್ಲಿ ಕ್ಯಾಮೆರಾ ಚೀಲ ಇಟ್ಟುಕೊಂಡು ಮನೆ ಸೇರಿದ ರಾತ್ರಿಗಳ ಲೆಕ್ಕ ಅವಳಿಗೂ ಇತ್ತು. ಒಪ್ಪಿದಳು. ಒಬ್ಬೊಬ್ಬರು 60 ಸಾವಿರ, ಅದರ ಮೇಲೆ ಒಂದು ಪೈಸೆಯೂ ಇಲ್ಲ ಎಂದು ಗೆರೆ ಎಳೆದವಳೂ ಅವಳೇ.

ಮೊದಲು ನೋಡಿದ್ದು ಆಳಂದದವನ ಕಡೆಯದು. ಆಳಂದ ಗಡಿ ತಾಲೂಕು. ಆಚೆ ಅಕ್ಕಲಕೋಟೆ, ಸೊಲ್ಲಾಪುರ. ಅಲ್ಲಿನ ಎಂಎಚ್ 13 ನಂಬರಿನ ಗಾಡಿಗಳು ನಮ್ಮ ರಸ್ತೆಗಳಲ್ಲಿ ಕೆಎ 32ರಷ್ಟೇ ಸಲೀಸಾಗಿ ಓಡಾಡುತ್ತವೆ. ಬೆಲೆ ಕಡಿಮೆ ಎನ್ನುತ್ತಾರೆ. ಕಡಿಮೆಯೇ. ಯಾಕೆ ಕಡಿಮೆ ಎಂದು ಲೆಕ್ಕ ಹಾಕಿದಾಗ ತಿಳಿಯಿತು. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರು ಮಾಡಿಸಲೇಬೇಕು. ಅದಕ್ಕೆ ಸೊಲ್ಲಾಪುರದ ಕಚೇರಿಯಿಂದ ಫಾರ್ಮ್ 28ರ ಮೇಲೆ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದ ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಹೊಸ ಕಾರಿಗೆ ನಮ್ಮಲ್ಲಿ ಬೆಲೆ ನೋಡಿ ಶೇ. 13ರಿಂದ ಶೇ. 18ರವರೆಗೆ ತೆರಿಗೆ, ಅದರ ಮೇಲೆ ಸೆಸ್. ಗಾಡಿಗೆ ವಯಸ್ಸಾದಂತೆ ಇಳಿಯುತ್ತದೆ ನಿಜ, ಆದರೆ ಬೆಲೆಯಲ್ಲಿ ಉಳಿದದ್ದು ಅಲ್ಲಿ ಕರಗುತ್ತದೆ. "ಯಾರು ಕೇಳ್ತಾರ್ರಿ, ಹಂಗೇ ಓಡಸ್ರಿ" ಎಂದು ಮಾರುವವನು ಧೈರ್ಯ ಹೇಳಿದ. ಪೇಪರಿನಲ್ಲಿ ಬೇರೆಯವರ ಅಕ್ರಮ ಬರೆಯುವ ನಾವು ಅಂಥ ಗಾಡಿಯಲ್ಲಿ ಹೋಗಿ ಇಳಿಯುವುದು ಚೆಂದ ಕಾಣುವುದಿಲ್ಲ ಎಂದು ವಾಪಸ್ ಬಂದೆವು.

ಎರಡನೆಯದು ಕಲಬುರಗಿಯಲ್ಲಿ. ಬಣ್ಣ ಫಳಫಳ. ಇಂಥಲ್ಲಿ ನಮ್ಮ ಜಿಲ್ಲೆಯವರು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಗಾಡಿ ಭೀಮಾ ಕಂಡಿದೆಯಾ? 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದಾಗ ಮನೆಗಳಷ್ಟೇ ಅಲ್ಲ, ಗಾಡಿಗಳೂ ಮುಳುಗಿದ್ದವು. ಆಮೇಲೆ ಅವು ಎಲ್ಲಿ ಹೋದವು? ತೊಳೆದು, ಒಣಗಿಸಿ, ಬಣ್ಣ ಹೊಡೆದು ಮಾರಾಟಕ್ಕೇ ಬಂದಿರಬೇಕಲ್ಲ. ನಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ಕಲಿಸಿಕೊಟ್ಟ ಉಪಾಯ ಹೇಳುತ್ತೇವೆ, ನಿಮಗೂ ಉಪಯೋಗಕ್ಕೆ ಬಂದೀತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯೊಳಗಿನ ಆ ಕೊನೆಯ ಅರ್ಧ ಮೀಟರನ್ನು ಯಾರೂ ತೊಳೆದಿರುವುದಿಲ್ಲ. ನೀರಿನ ಗೆರೆ ಅಲ್ಲಿ ಸಿಗುತ್ತದೆ. ಕಾಲಡಿಯ ಕಾರ್ಪೆಟ್ ಎತ್ತಿ, ಸೀಟಿನ ಕೆಳಗಿನ ಹಳಿಯ ಮೇಲೆ ಬೆರಳಾಡಿಸಿ. ನಮ್ಮ ಎರಿ ಮಣ್ಣು ಎಷ್ಟು ತೊಳೆದರೂ ಸಂದಿಯಲ್ಲಿ ಉಳಿಯುವಂಥದ್ದು. ಆ ಫಳಫಳ ಗಾಡಿಯ ಬೆಲ್ಟು ಎಳೆದಾಗ ಮಾರುವವನು ಸಿಗರೇಟು ಹಚ್ಚಿ ಆಚೆ ಹೋದ. ನಾವೂ ಹೋದೆವು.

ಮೂರನೆಯ ಗಾಡಿಯದೇ ಈ ಕಥೆ.

ಅಫಜಲಪುರ ತಾಲೂಕಿನ ಒಂದು ಹಳ್ಳಿಯಲ್ಲಿ 2013ರ ವ್ಯಾಗನ್ ಆರ್ ಇದೆ ಎಂದು ದಲ್ಲಾಳಿಯೊಬ್ಬರು ಹೇಳಿ ಕಳಿಸಿದರು. ವಯಸ್ಸಾದವರು, ಎಲ್ಲರೂ ಮಾಮಾ ಎನ್ನುತ್ತಾರೆ. ಮೊದಲು ಎತ್ತಿನ ವ್ಯಾಪಾರ ಮಾಡಿಸುತ್ತಿದ್ದರಂತೆ. ಎತ್ತು ಕಡಿಮೆಯಾಗಿ ಟ್ರ್ಯಾಕ್ಟರ್ ಬಂತು, ಮಾಮಾನೂ ಟ್ರ್ಯಾಕ್ಟರಿಗೆ ಬಂದರು, ಆಮೇಲೆ ಕಾರಿಗೆ. ಎರಡು ಲಕ್ಷದ ಹತ್ತು ಸಾವಿರ ಎಂದರು. "ತೊಗರಿ ರಾಶಿ ಆಗೂದ್ರೊಳಗ ತಗೋರಿ. ರಾಶಿ ಆದ ಮ್ಯಾಲ ಕೈಯಾಗ ರೊಕ್ಕ ಇದ್ದವ್ರು ಬರ್ತಾರ, ಇದೇ ಗಾಡಿ ಎರಡೂವರಿ ಹೇಳ್ತದ" ಎಂದು ಸೇರಿಸಿದರು. ದೀಪಾವಳಿ ಮುಗಿದ ವಾರ ಅದು. ಹೊಲದಲ್ಲಿ ತೊಗರಿ ಹೂವು ಬಿಟ್ಟು ನಿಂತಿತ್ತು.

ಗಾಡಿ ಒಂದು ಪತ್ರಾಸಿನ ಶೆಡ್ಡಿನಲ್ಲಿತ್ತು. ಬಾನೆಟ್ ಮೇಲೆ ಕೋಳಿ. ಬ್ಯಾಟರಿ ಸತ್ತಿತ್ತು, ಟಯರು ಬಿರುಕು ಬಿಟ್ಟಿದ್ದವು, ಉಳಿದದ್ದೆಲ್ಲ ಗಟ್ಟಿ. ಬೇರೆ ಬ್ಯಾಟರಿ ಹಚ್ಚಿದ ಕೂಡಲೇ ಶುರುವಾಯಿತು, ಹೊಗೆ ಇಲ್ಲ. ಬೆಲ್ಟ್ ಎಳೆದೆವು, ಗೆರೆ ಇಲ್ಲ. ಮೀಟರು 91 ಸಾವಿರ ಕಿ.ಮೀ. ತೋರಿಸುತ್ತಿತ್ತು. ಪೆಡಲಿನ ರಬ್ಬರು ಸವೆದದ್ದೂ ಅಷ್ಟಕ್ಕೇ ಹೊಂದುತ್ತಿತ್ತು. ಸರ್ವೀಸ್ ಮಾಡಿಸಿದ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಾರೀಖಿನ ಪ್ರಕಾರ ಇಟ್ಟಿದ್ದರು. ಗಾಡಿಯನ್ನು ಇಷ್ಟು ಅಚ್ಚುಕಟ್ಟಾಗಿ ಇಟ್ಟವರು ಯಾರು ಎಂದು ಕೇಳಿದೆವು. ಅವರು ಯುಗಾದಿ ಮುಂದೆ ತೀರಿಕೊಂಡಿದ್ದರು.

ಮಾರುವವರು ಅವರ ಹೆಂಡತಿ. ಅಫಜಲಪುರದವನಿಗೆ ದೂರದ ಪರಿಚಯ, ಕಾಕಿ ಎಂದೇ ಮಾತಾಡಿಸಿದ. ಇಬ್ಬರು ಗಂಡುಮಕ್ಕಳು, ಒಬ್ಬ ಪುಣೆಯಲ್ಲಿ, ಒಬ್ಬ ಬೆಂಗಳೂರಿನಲ್ಲಿ. ಸೊಲ್ಲಾಪುರದ ಆಸ್ಪತ್ರೆಯ ಖರ್ಚಿಗೆ ಮಾಡಿದ ಕೈಗಡ ತೀರಿಸಬೇಕಿತ್ತು. ನಮ್ಮ ಗಡಿ ತಾಲೂಕುಗಳಲ್ಲಿ ದೊಡ್ಡ ಕಾಯಿಲೆ ಎಂದರೆ ಸೊಲ್ಲಾಪುರ, ಸೊಲ್ಲಾಪುರ ಎಂದರೆ ಸಾಲ. ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಮಾ ಕಟ್ಟೆಯ ಮೇಲೆ ಕೂತು ಹೆಗಲ ಟವೆಲ್ ತೆಗೆದರು. ಅಫಜಲಪುರದವನ ಕಡೆ ಕೈ ಚಾಚಿ, ಎರಡೂ ಕೈಯ ಮೇಲೆ ಟವೆಲ್ ಹಾಕಿದರು.

ನಮ್ಮ ಕಡೆಯ ದನದ ಸಂತೆ ನೋಡಿದವರಿಗೆ ಇದು ಗೊತ್ತು. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲಿನಡಿ ಬೆರಳು ಹಿಡಿದು ಹೇಳುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರವೋ, ಅಷ್ಟು ಹತ್ತು ಸಾವಿರವೋ, ಎತ್ತಿನ ಹಲ್ಲು ನೋಡಿದವರಿಗೆ ಅರ್ಥವಾಗುತ್ತದೆ. ಸುತ್ತ ಐವತ್ತು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು. ಕಾಲೇಜಿನಲ್ಲಿದ್ದಾಗ ನಾವೂ ಇದರ ಮೇಲೆ ಒಂದು ನುಡಿಚಿತ್ರ ಬರೆದು, ಮೌನದ ಭಾಷೆ, ಬೆರಳ ಲೆಕ್ಕ ಎಂದೆಲ್ಲ ಹೊಗಳಿ ಅಂಕ ತಗೊಂಡಿದ್ದೆವು. ಈ ಸಲ ನಾವೇ ಟವೆಲಿನ ಒಂದು ಬದಿಗೆ ಇದ್ದೆವು. ಗಾಡಿ ಯಾರದೋ ಆ ಕಾಕಿ ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದರು. ಟವೆಲಿನೊಳಗೆ ಅವರ ಕೈ ಇರಲಿಲ್ಲ.

ಜೇವರ್ಗಿಯವಳು, "ಮಾಮಾ, ನಂದೂ ಪಾಲು ಅದ ಇದ್ರಾಗ. ಬಾಯಿಲೇ ಹೇಳ್ರಿ" ಎಂದಳು.

"ತಂಗಿ, ವ್ಯವಹಾರ ಹಿಂಗೇ ಮಾಡೂದು."

"ನನ್ನ ಕೈ ಹಿಡದು ಹೇಳ್ತೀರೇನು ಹಂಗಾದ್ರ?"

ಮಾಮಾ ಕೈ ಹಿಂದೆ ತೆಗೆದುಕೊಂಡರು. ಮುಖ ಸ್ವಲ್ಪ ಕೆಂಪಗಾಯಿತು. ಅವಳೇ ಗಟ್ಟಿಯಾಗಿ ಹೇಳಿದಳು: "ಎರಡು ಹತ್ತು ಆಗಂಗಿಲ್ಲ. ಟಯರ್ ಹೋಗ್ಯಾವ, ಬ್ಯಾಟರಿ ಹೋಗ್ಯದ, 2028ಕ್ಕ ಹದಿನೈದು ವರ್ಷ ತುಂಬತದ. ಆಮ್ಯಾಲ ಮತ್ತ ನೋಂದಣಿ ಮಾಡಸಲಾಕ ಐದು ಸಾವಿರ ಕಟ್ಟಬೇಕು. ಒಂದು ಐವತ್ತಕ್ಕ ಕೊಡ್ರಿ."

ಬಾಗಿಲಿನಿಂದ ಕಾಕಿಯ ದನಿ ಬಂತು. "ಎರಡು ಹತ್ತು? ನನಗ ಒಂದು ಮೂವತ್ತಕ್ಕ ಗಿರಾಕಿ ಅದಾವ ಅಂದಿದ್ರಲ್ಲಣ್ಣ?"

ಯಾರೂ ಮಾತಾಡಲಿಲ್ಲ. ಮಾಮಾ ಟವೆಲ್ ಜಾಡಿಸಿ ಮತ್ತೆ ಹೆಗಲ ಮೇಲೆ ಹಾಕಿಕೊಂಡರು.

ಅವರನ್ನು ಇಲ್ಲಿ ಖಳನಾಯಕ ಮಾಡುವ ಇರಾದೆ ನಮಗಿಲ್ಲ. ಬ್ಯಾಟರಿ ತಂದು ಹಚ್ಚಿದವರು ಅವರು, ಮೂರು ಸಲ ಗಿರಾಕಿ ಕರೆತಂದವರು ಅವರು. "ನನಗೂ ಹೊಟ್ಟಿ ಅದ, ತಂಗಿ. ಇಪ್ಪತ್ತು ಗಾಡಿ ತೋರಸಿದ್ರ ಒಂದು ಮಾರತದ" ಎಂದರು. ಅದೂ ಸುಳ್ಳಲ್ಲ. ಆದರೆ ಕೊಡುವವರಿಗೆ ಒಂದು ಬೆಲೆ, ಕೊಳ್ಳುವವರಿಗೆ ಒಂದು ಬೆಲೆ, ನಡುವಿನ ಎಂಬತ್ತು ಸಾವಿರ ಟವೆಲಿನೊಳಗೆ ಎಂದರೆ ಅದು ದಲ್ಲಾಳಿ ಆಗುವುದಿಲ್ಲ.

ನಿಜವಾದ ಚೌಕಾಸಿ ಶುರುವಾದದ್ದು ಇದಾದ ಮೇಲೆ, ಅದೂ ನಮ್ಮ ನಮ್ಮಲ್ಲೇ. ಆಳಂದದವ ನಮ್ಮಿಬ್ಬರನ್ನು ಶೆಡ್ಡಿನ ಹಿಂದೆ ಕರೆದೊಯ್ದ. "ಆಕಿಗಿ ಒಂದು ಮೂವತ್ತು ಸಾಕು ಅನ್ನೂದು ಗೊತ್ತಾತು. ಒಂದು ನಲವತ್ತು ಕೊಡೂಣು. ಆಕಿಗಿ ಹತ್ತು ಹೆಚ್ಚು, ನಮಗ ಉಳೀತದ. ಯಾರಿಗೂ ಮೋಸ ಇಲ್ಲ." ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ನಮ್ಮ ಹತ್ತಿರವೂ ಹಣ ಎದ್ದು ಬಿದ್ದಿರಲಿಲ್ಲ. ಅವನ ಪಾಲಿನ ಅರವತ್ತು ಸಾವಿರದಲ್ಲಿ ಇಪ್ಪತ್ತು ಸಾವಿರ ಅವನ ತಂಗಿಯ ಸ್ವಸಹಾಯ ಸಂಘದಿಂದ ಎತ್ತಿದ್ದು, ವಾರಕ್ಕೊಮ್ಮೆ ಕಂತು ಕಟ್ಟುವಂಥದ್ದು. ಅಫಜಲಪುರದವ ಬೇರೆ ಮಾತು ಹೇಳಿದ. ಇಂಥದೇ ಗಾಡಿ ಕಲಬುರಗಿಯಲ್ಲಿ ನಾವೇ ನೋಡಿದ್ದು ಒಂದು ಎಂಬತ್ತಕ್ಕೆ. ಟಯರು, ಬ್ಯಾಟರಿ, ಕಾಗದಪತ್ರದ ಖರ್ಚು ಕಳೆದರೆ ಎಷ್ಟಾಗುತ್ತದೋ ಅದೇ ಇದರ ಬೆಲೆ. ಕಾಕಿಗೆ ಬೆಲೆ ಗೊತ್ತಿಲ್ಲ ಅನ್ನುವುದರಿಂದ ಗಾಡಿಯ ಬೆಲೆ ಇಳಿಯುವುದಿಲ್ಲ. ಅರ್ಧ ಗಂಟೆ ಅಲ್ಲೇ ನಿಂತು ಜಗಳಾಡಿದೆವು. ಕೋಳಿಗಳು ಸುತ್ತ ಓಡಾಡುತ್ತಿದ್ದವು.

ಒಂದು ಲಕ್ಷದ ಅರವತ್ತೆರಡು ಸಾವಿರಕ್ಕೆ ನಿಂತಿತು. ಮೂರು ಪಾಲು ಮಾಡಿದರೆ 54 ಸಾವಿರ, ಜೇವರ್ಗಿಯವಳ ಗೆರೆಯೊಳಗೇ. ಮಾಮಾನಿಗೆ ಎರಡೂ ಕಡೆಯಿಂದ ಮೂರು ಮೂರು ಸಾವಿರ, ಎಲ್ಲರೆದುರು, ಬಾಯಲ್ಲಿ. ಗೊಣಗುತ್ತ ಒಪ್ಪಿದರು. ಆಳಂದದವನೂ ಗೊಣಗುತ್ತಲೇ ಒಪ್ಪಿದ್ದು. ಇವತ್ತಿಗೂ ಪೆಟ್ರೋಲ್ ಹಾಕಿಸುವಾಗ ಆ ಇಪ್ಪತ್ತೆರಡು ಸಾವಿರವನ್ನು ಒಮ್ಮೆ ನೆನೆಯುತ್ತಾನೆ.

ಬೆಲೆ ಆಯಿತು, ಚಹಾ ಆಯಿತು. ಮಾಮಾ ಜೇಬಿನಿಂದ ಮಡಚಿದ ಕಾಗದ ತೆಗೆದರು. ಫಾರ್ಮ್ 29, ಫಾರ್ಮ್ 30. ಮಾರುವವರ ಸಹಿ ಆಗಲೇ ಬಿದ್ದಿತ್ತು, ಬೇರೆಲ್ಲ ಖಾಲಿ. ಸಹಿ ತೀರಿಕೊಂಡವರದು.

ಬದುಕಿದ್ದಾಗ ಮಾಡಿಟ್ಟ ಸಹಿಯೋ, ಆಮೇಲೆ ಯಾರೋ ಮಾಡಿದ್ದೋ, ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. "ಇದರ ಮ್ಯಾಲೇ ಆಗತದ. ಎಲ್ಲಾರೂ ಹಿಂಗೇ ಮಾಡ್ತಾರ" ಎಂದರು. ಎಲ್ಲರೂ ಹಾಗೇ ಮಾಡುತ್ತಾರೆ ಎನ್ನುವುದು ನಿಜ. ಖಾಲಿ ಫಾರ್ಮಿನ ಮೇಲೆ ಸಹಿ ಪಡೆದ ಗಾಡಿ ಮೂರು ನಾಲ್ಕು ಕೈ ದಾಟುತ್ತದೆ, ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಇರುತ್ತದೆ. ಅಪಘಾತವಾಗುವವರೆಗೆ ಯಾರಿಗೂ ತೊಂದರೆ ಇಲ್ಲ. ಹೀಗೆ ಕೈಯಿಂದ ಕೈಗೆ ಹೋದ ಒಂದು ಕಾರು 2009ರಲ್ಲಿ ಅಪಘಾತ ಮಾಡಿತ್ತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣ ಅದು. ಗಾಡಿ ಯಾರ ಕೈಯಲ್ಲೇ ಇರಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದಿತು. ಇಲ್ಲಿ ಹೆಸರಿನವರೇ ಇಲ್ಲ. ಹಾಗಾದರೆ ನೋಟಿಸು ಯಾರ ಬಾಗಿಲಿಗೆ ಬರುತ್ತದೆ? ಸೆರಗು ಹೊದ್ದು ನಿಂತವರ ಬಾಗಿಲಿಗೆ.

ಮಾಲೀಕರು ತೀರಿಕೊಂಡರೆ ಮಾಡಬೇಕಾದದ್ದು ಫಾರ್ಮ್ 31. ಸತ್ತ ಮೂವತ್ತು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು ಬೇಕು. ಅದು ಕಾಕಿಯ ಹೆಸರಿಗಾದ ಮೇಲೆ ಅವರಿಂದ ನಮಗೆ. ಏಳು ತಿಂಗಳು ಕಳೆದಿದ್ದರಿಂದ ತಡವಾದದ್ದಕ್ಕೆ ದಂಡ ಬೇರೆ. ಆ ಖರ್ಚು ನಾವೇ ಹಾಕುತ್ತೇವೆ, ನೀವು ಸಹಿ ಮಾಡಿದರೆ ಸಾಕು ಎಂದೆವು.

ಕಾಕಿ ಒಪ್ಪಲಿಲ್ಲ. "ನನ್ನ ಹೆಸರಿಗಿ ಗಾಡಿ ಬ್ಯಾಡ" ಎಂದು ಒಂದೇ ಹಟ.

ಕಾರಣ ಗೊತ್ತಾದದ್ದು ಎರಡನೆಯ ಸಲ ಹೋದಾಗ, ಅದೂ ಜೇವರ್ಗಿಯವಳ ಹತ್ತಿರ ಅಡುಗೆಮನೆಯಲ್ಲಿ ಹೇಳಿದ್ದು. ರೇಷನ್ ಕಾರ್ಡು. ವೈಟ್ ಬೋರ್ಡಿನ ನಾಲ್ಕು ಚಕ್ರದ ಗಾಡಿ ಇರುವ ಕುಟುಂಬಕ್ಕೆ ಬಿಪಿಎಲ್ ಕಾರ್ಡು ಇಲ್ಲ ಎಂಬ ನಿಯಮ ನಿಮಗೂ ಗೊತ್ತಿರಬೇಕು. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ ದೊಡ್ಡ ಗದ್ದಲ ಎದ್ದು, ಸರ್ಕಾರ ಮತ್ತೆ ಹಿಂದೆ ಸರಿದದ್ದನ್ನು ನಾವೇ ವರದಿ ಮಾಡಿದ್ದೆವು. ಆ ಹೆದರಿಕೆ ಊರೂರಿಗೂ ಮುಟ್ಟಿದೆ. ಗಂಡನ ಹೆಸರಿನಲ್ಲಿ ಗಾಡಿ ಇದ್ದಾಗ ಅದು ಗಂಡನ ಸಂಗತಿ. ಈಗ ಮನೆಯ ಯಜಮಾನಿ ಅವರು, ಕಾರ್ಡು ಅವರದು, ತಿಂಗಳಿಗೆ ಎರಡು ಸಾವಿರದ ಗೃಹಲಕ್ಷ್ಮಿ ಹಣ ಅವರ ಖಾತೆಗೆ. ಆಧಾರ್ ನಂಬರು ಹೊಡೆದ ಕೂಡಲೇ ಕಂಪ್ಯೂಟರಿಗೆ ಎಲ್ಲ ಗೊತ್ತಾಗುತ್ತದೆ ಎಂದು ಯಾರೋ ಹೇಳಿದ್ದರು. ಗಾಡಿ ಮಾರಿದ ಹಣ ಸಾಲಕ್ಕೆ ಹೋಗುತ್ತದೆ, ಕಾರ್ಡು ಹೋದರೆ ಅಕ್ಕಿ ಎಲ್ಲಿಂದ?

ಏನೂ ಆಗುವುದಿಲ್ಲ ಕಾಕಿ ಎಂದು ಹೇಳಿಬಿಡುವುದು ಸುಲಭವಿತ್ತು. ಆದರೆ ಏನೂ ಆಗುವುದಿಲ್ಲ ಎಂದು ನಮಗೆ ಬರೆದು ಕೊಡುವವರು ಯಾರೂ ಸಿಗಲಿಲ್ಲ. ಕೇಳಿದ ಕಚೇರಿಯಲ್ಲಿ, "ಮಾರಿದ ಮೇಲೆ ಹೆಸರು ಇರಲ್ವಲ್ಲ" ಎಂದಷ್ಟೇ ಅಂದರು. ಅದರಲ್ಲೇ ದಾರಿ ಸಿಕ್ಕಿತು. ಎರಡೂ ಅರ್ಜಿ ಸಿದ್ಧ ಮಾಡಿಟ್ಟುಕೊಂಡು, ಕಾಕಿಯ ಹೆಸರಿಗೆ ಬಂದ ಕೂಡಲೇ ನಮ್ಮ ಹೆಸರಿಗೆ ಹಾಕುವುದು. ಗಾಡಿ ಅವರ ಹೆಸರಿನಲ್ಲಿ ಇರುವುದು ಕೆಲವೇ ದಿನ. ಮಾರಿದ್ದಕ್ಕೆ ರಸೀದಿ, ಬ್ಯಾಂಕಿನ ದಾಖಲೆ, ಎಲ್ಲದರ ಒಂದೊಂದು ಪ್ರತಿ ಅವರ ಹತ್ತಿರವೂ ಇರಲಿ. ನಾಳೆ ಯಾರಾದರೂ ಕೇಳಿದರೆ ತೋರಿಸಬಹುದು. ಇದನ್ನು ಯಾವ ಬಣ್ಣವೂ ಹಚ್ಚದೆ ಹೇಳಿದೆವು. ಕಾಕಿ ಎರಡು ದಿನ ತಗೊಂಡರು, ಪುಣೆಯ ಮಗನಿಗೆ ಫೋನು ಮಾಡಿದರು, ಆಮೇಲೆ ಹೂಂ ಎಂದರು.

ಆಗ ಅದೇ ಪ್ರಶ್ನೆ ತಿರುಗಿ ನಮ್ಮ ಮುಂದೆಯೇ ಬಂದು ನಿಂತಿತು. ಮೂವರ ಕಾರು ನಿಜ, ಆದರೆ ನಾವು ಕೇಳಿದ ಏಜೆಂಟರು ಯಾರೂ ಮೂರು ಹೆಸರು ಆಗುತ್ತದೆ ಎನ್ನಲಿಲ್ಲ. ಆಳಂದದವನ ಮನೆಯದು ಬಿಪಿಎಲ್ ಕಾರ್ಡು. 54 ಸಾವಿರದ ಪಾಲಿಗೆ ಐದು ಜನರ ಅಕ್ಕಿ ಹೋಗಬೇಕೇ? ಅಫಜಲಪುರದವನದೂ ಅದೇ ಕಾರ್ಡು. ಉಳಿದವಳು ಜೇವರ್ಗಿಯವಳು. ಅವಳ ತಂದೆ ನಿವೃತ್ತ ಸರ್ಕಾರಿ ನೌಕರರು, ಮನೆಯದು ಎಪಿಎಲ್. ಹೀಗೆ, ಬಸ್ಸು ಪುಕ್ಕಟೆ ಇರುವವಳ ಹೆಸರಿಗೇ ಕಾರು. ಹಿಂದಿನ ವರ್ಷ ಬಿಪಿಎಲ್ ಪಟ್ಟಿಯಲ್ಲಿ ಸುಳ್ಳು ಹೆಸರುಗಳ ಬಗ್ಗೆ ನಾವು ಮಾಡಿದ್ದ ವಿಡಿಯೋವನ್ನು ಅವಳ ಅಪ್ಪ ನೆನಪಿಸಿ ನಕ್ಕರು. ನಾವು ನಗಲಿಲ್ಲ. ಮೂರರಲ್ಲಿ ಒಂದು ಪಾಲು ಹಳೆ ಕಾರು ಇದ್ದವನು ಬಡವನೋ ಅಲ್ಲವೋ ಎಂಬುದಕ್ಕೆ ನಿಯಮದಲ್ಲಿ ಉತ್ತರವಿಲ್ಲ, ನಮ್ಮಲ್ಲೂ ಇಲ್ಲ.

ಅವಳ ಅವ್ವನದು ಬೇರೆ ಚಿಂತೆ. "ನಾಳಿ ಲಗ್ನ ಆದ ಮ್ಯಾಲ ಗಾಡಿ ಯಾರ ಮನಿಗಿ?" ಅದಕ್ಕೆ ಛಾಪಾ ಕಾಗದದ ಮೇಲೆ ಬರೆದೆವು. ಮೂವರ ಸಮಪಾಲು, ಯಾರಾದರೂ ಬಿಟ್ಟು ಹೋಗುವುದಾದರೆ ಆವತ್ತಿನ ಬೆಲೆಯಲ್ಲಿ ಮೂರರಲ್ಲಿ ಒಂದು ಭಾಗ, ಇನ್ಶೂರೆನ್ಸು ಮೂವರದು, ದಂಡ ಮಾತ್ರ ಯಾರು ಓಡಿಸುತ್ತಿದ್ದರೋ ಅವರದು. ಕೊನೆಯ ಷರತ್ತು ಅಫಜಲಪುರದವನ ಗಾಡಿ ಓಡಿಸುವ ಚಂದ ನೋಡಿ ಸೇರಿಸಿದ್ದು. ಬಾಡಿಗೆಗೆ ಬಿಡಬಾರದು ಎಂದೂ ಬರೆದೆವು. ಚುನಾವಣೆ ಬಂದರೆ ಬಾಡಿಗೆಗೆ ಹಚ್ಚರಿ ಎಂದು ನೆಂಟರು ಆಗಲೇ ಸಲಹೆ ಕೊಟ್ಟಿದ್ದರು. ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ, ಅದಕ್ಕೆ ಹಳದಿ ಬೋರ್ಡು ಬೇಕು.

ಕಾಗದ ಆಗಲು ಎರಡು ತಿಂಗಳು ಹಿಡಿಯಿತು. ಪುಣೆಯ ಮಗ ದತ್ತ ಜಯಂತಿಗೆ ಗಾಣಗಾಪುರಕ್ಕೆ ಬಂದವನು ಅಲ್ಲಿಂದ ಊರಿಗೆ ಬಂದು ಅಫಿಡವಿಟ್ಟಿಗೆ ಸಹಿ ಮಾಡಿದ. ಬೆಂಗಳೂರಿನವನು ನೋಟರಿ ಮಾಡಿಸಿ ಅಂಚೆಯಲ್ಲಿ ಕಳಿಸಿದ. ವಂಶವೃಕ್ಷದಲ್ಲಿ ಕಾಕಿಯ ಹೆಸರಿನ ಒಂದು ಅಕ್ಷರ ಆಧಾರಿಗಿಂತ ಬೇರೆ ಬಂದು ಹದಿನೈದು ದಿನ ಹೋಯಿತು. ಬಾನೆಟ್ ಎತ್ತಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದಿದೆಯಲ್ಲ, ಆ ಕೆಲಸ ನಮಗೆ ಎಲ್ಲಕ್ಕಿಂತ ಹಿಡಿಸಿತು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಹೀಗೇ ಉಜ್ಜುತ್ತಿದ್ದೆವು. ಏಜೆಂಟ್ ಎಲ್ಲ ಸೇರಿ 4,500 ಕೇಳಿದ್ದ. ಕಾರಿನ ಹೆಸರು ಬದಲಾವಣೆಗೆ ಸರ್ಕಾರದ ಶುಲ್ಕ 300 ರೂಪಾಯಿ, ಸ್ಮಾರ್ಟ್ ಕಾರ್ಡು, ದಂಡ ಬೇರೆ. ನಾವೇ ಕಲಬುರಗಿಗೆ ನಾಲ್ಕು ಸಲ ಅಡ್ಡಾಡಿದೆವು. ಮೂವರ ಬಸ್ಸಿನ ಖರ್ಚು, ಅಂದರೆ ಇಬ್ಬರ ಖರ್ಚು ಸೇರಿಸಿದರೂ ಏಜೆಂಟಿನ ಅರ್ಧ ಆಗಲಿಲ್ಲ.

ಹಣ ಬ್ಯಾಂಕಿನ ಮೂಲಕವೇ ಹೋಯಿತು, ಗೃಹಲಕ್ಷ್ಮಿ ಬರುವ ಅದೇ ಖಾತೆಗೆ. ಅರ್ಧ ಮೊದಲು, ಅರ್ಧ ಫಾರ್ಮ್ 29, 30ಕ್ಕೆ ಕಾಕಿ ನಮ್ಮೆದುರು ಸಹಿ ಹಾಕಿದ ದಿನ. ಹೆಬ್ಬೆಟ್ಟು ಎಂದು ನಾವು ಶಾಯಿ ಪ್ಯಾಡು ಒಯ್ದಿದ್ದೆವು. ಅವರು ಪೆನ್ನು ಕೇಳಿ ನಿಧಾನಕ್ಕೆ ಪೂರ್ತಿ ಹೆಸರು ಬರೆದರು. ಎಳ್ಳಮವಾಸ್ಯೆ ಮುಗಿದು ಎರಡು ದಿನವಾಗಿತ್ತು. ಉಳಿದಿದ್ದ ಸಜ್ಜಿ ರೊಟ್ಟಿ, ಭಜ್ಜಿಪಲ್ಯೆ ಬಡಿಸಿದರು.

ಇನ್ಶೂರೆನ್ಸಿನ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ವಿಮೆ ತಾನಾಗಿ ಹೊಸಬರ ಹೆಸರಿಗೆ ಬಂದಂತೆ ಎಂದು ಕಾನೂನು ಹೇಳುತ್ತದೆ, ಆದರೆ ಹದಿನಾಲ್ಕು ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು. ನಮ್ಮ ಗಾಡಿಯದು ಇನ್ನೊಂದು ತಿಂಗಳು ಉಳಿದಿತ್ತು. ಕಾಯದೆ ಹೊಸದೇ ಮಾಡಿಸಿದೆವು.

ಫೆಬ್ರವರಿಯಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಆರ್‌ಸಿ ಜೇವರ್ಗಿಗೆ ಬಂತು. ಫೋಟೋ ತೆಗೆದು ಕಾಕಿಗೆ ಕಳಿಸಿದೆವು, ಪಕ್ಕದ ಮನೆಯ ಹುಡುಗನ ಮೊಬೈಲಿಗೆ. ಸಂಜೆ ಅವರೇ ಫೋನು ಮಾಡಿದರು. ಗಾಡಿ ಯಾರ ಹೆಸರಿಗೆ ಆಯಿತು ಎಂದು ಕೇಳಿದರು. ಜೇವರ್ಗಿಯವಳ ಹೆಸರಿಗೆ ಎಂದೆವು. "ಚಲೋ ಆತು" ಎಂದರು. ಈ ತಿಂಗಳ ಅಕ್ಕಿ ಬಂದಿದೆ, ಮುಂದಿನ ತಿಂಗಳದು ನೋಡಬೇಕು ಎಂದರು. ಶೆಡ್ಡಿನಲ್ಲಿ ಜ್ಯಾಕು, ಪಾನಾ ಉಳಿದಿವೆಯಂತೆ. ಆ ಕಡೆ ಬಂದಾಗ ಒಯ್ಯಿರಿ ಎಂದು ಹೇಳಿ ಇಟ್ಟರು.